ಕತ್ತಲ ತೊಟ್ಟಿಯಲ್ಲಿ ಮೀನಿನ ಕ್ಲೋಸಪ್: ಐಎಸ್‌ಒ, ಫ್ಲ್ಯಾಶ್, ಸಾಫ್ಟ್‌ವೇರ್, ಯಾವುದು ಕೈ ಹಿಡಿಯಿತು?

ಮನೆಯ ತೊಟ್ಟಿಯಲ್ಲಿ ಒಂದು ಕೆಂಪು ಬೆಟ್ಟಾ ಮೀನು, ಒಂದಷ್ಟು ನಿಯಾನ್ ಟೆಟ್ರಾ, ಚೆರ್ರಿ ಸಿಗಡಿಗಳಿವೆ. ಕಣ್ಣಿಗೆ ಎಷ್ಟು ಚೆಂದವೋ ಫೋಟೊದಲ್ಲಿ ಅಷ್ಟೇ ಮಸುಕು. ಕ್ರಾಪ್ ಸೆನ್ಸರಿನ (ಸ್ವಲ್ಪ ಚಿಕ್ಕ ಸೆನ್ಸರಿನ) ಹಳೆಯ ಕ್ಯಾಮೆರಾ, ಫೋನು, ಕಂಪ್ಯೂಟರು ಮೂರರಲ್ಲೂ ಇದಕ್ಕೆ ಮದ್ದು ಹುಡುಕಿದೆ. ಎಲ್ಲವೂ ಅದೇ ತೊಟ್ಟಿ, ಅದೇ ಮೀನುಗಳ ಮೇಲೆ.

ಮದ್ದಿಗಿಂತ ಮುಂಚೆ ರೋಗ ಯಾವುದು ಅಂತ ಗೊತ್ತಾಗಬೇಕು, ಅಲ್ವಾ? ಫೋಟೊವನ್ನು ಪೂರ್ತಿ ಹಿಗ್ಗಿಸಿ ನೋಡಿ. ಹಿಂದಿನ ಗಿಡ ಚೂಪಾಗಿದ್ದು ಮೀನಿನ ಬಾಲ ಮಾತ್ರ ಕರಗಿದ್ದರೆ ಮೀನು ಅಲ್ಲಾಡಿದೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ನಡುಗಿದೆ. ಮೀನು ಮಸುಕಾಗಿ, ಅದರ ಮುಂದಿನ ಕಲ್ಲು ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಹುರುಪೆಗಳ ಮೇಲೆ ರವೆ ಉದುರಿಸಿದ ಹಾಗಿದ್ದರೆ ಅದು ಬ್ಲರ್ ಅಲ್ಲವೇ ಅಲ್ಲ, ನಾಯ್ಸ್. ಇನ್ನೊಂದಿದೆ: ಗಾಜಿಗೆ ಓರೆಯಾಗಿ ಹಿಡಿದು ತೆಗೆದರೆ ಬೆಳಕು ಬಾಗಿ ಅಂಚಿನಲ್ಲಿ ಬಣ್ಣದ ಗೆರೆ ಮೂಡುತ್ತದೆ, ವಿವರ ಹೋಗುತ್ತದೆ. ಇದಕ್ಕೆ ಖರ್ಚೇ ಇಲ್ಲ. ಗಾಜನ್ನು ಒರೆಸಿ, ಲೆನ್ಸನ್ನು ಗಾಜಿಗೆ ನೇರವಾಗಿ ಹಿಡಿದರೆ ಮುಗಿಯಿತು.

ಮೊದಲು ಟ್ರೈಪಾಡ್. ಕೋಣೆಯ ದೀಪ ಆರಿಸಿ, ತೊಟ್ಟಿಯ ಎಲ್‌ಇಡಿ ಒಂದನ್ನೇ ಇಟ್ಟು, ಶಟರನ್ನು 1/15 ಸೆಕೆಂಡು ತೆರೆದಿಟ್ಟು ತೆಗೆದೆ. ಜಾವಾ ಫರ್ನ್ ಎಲೆಯ ನರ ನರವೂ ಬಂತು. ಟೆಟ್ರಾಗಳು ಮಾತ್ರ ನೀಲಿ ಗೆರೆಗಳಾಗಿ ಹೋದವು. ಟ್ರೈಪಾಡ್ ನಿಮ್ಮ ಕೈ ನಿಲ್ಲಿಸುತ್ತದೆ, ಮೀನನ್ನಲ್ಲ. ಗಾಜಿಗೆ ಅಂಟಿಕೊಂಡು ಕೂರುವ ಪ್ಲೆಕೊದಂಥ ಮೀನಿಗೆ ಸರಿ, ಉಳಿದವಕ್ಕೆ ದಂಡ.

ಆಮೇಲೆ ಐಎಸ್‌ಒ ಏರಿಸಿ ನೋಡಿದೆ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ ಅದು; ಏರಿಸಿದಷ್ಟೂ ನಾಯ್ಸ್. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸನ್ನು ಎಫ್/5.6ರಲ್ಲಿಟ್ಟು (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು), ಶಟರ್ 1/160ಕ್ಕೆ ತಂದು, ಐಎಸ್‌ಒ 6400 ಮಾಡಿದೆ. ಬೆಟ್ಟಾದ ಕಣ್ಣು ಚೂಪಾಗಿ ಬಂತು. ಆದರೆ ಕೆಂಪು ರೆಕ್ಕೆಯ ಒಳಗಿನ ಕಡ್ಡಿಗಳೆಲ್ಲ ಒಂದೇ ಕೆಂಪು ಮುದ್ದೆ. ಹಾಗಂತ ಇದನ್ನು ತಳ್ಳಿಹಾಕಲ್ಲ. ನಾಯ್ಸ್ ಇರುವ ಚೂಪು ಫೋಟೊ ಮತ್ತು ನಾಯ್ಸ್ ಇಲ್ಲದ ಮಸುಕು ಫೋಟೊ ಎರಡರಲ್ಲಿ ನನ್ನ ಓಟು ಯಾವಾಗಲೂ ಮೊದಲನೆಯದಕ್ಕೆ. ಬೆಟ್ಟಾದಂಥ ನಿಧಾನಿಗೆ 1/125 ಸಾಕು. ಟೆಟ್ರಾಗೆ 1/200ಕ್ಕಿಂತ ಕೆಳಗೆ ಇಳಿಯಬೇಡಿ.

ತೊಟ್ಟಿಗೆ ಇನ್ನೊಂದು ಎಲ್‌ಇಡಿ ಹಾಕಿದರೆ? ಬೆಳಕೇನೋ ಜಾಸ್ತಿಯಾಗುತ್ತದೆ. ಸುಮ್ನೆ ಒಮ್ಮೆಲೇ ಹಾಕಿದರೆ ಟೆಟ್ರಾಗಳು ಬೆಚ್ಚಿ ಗಿಡದ ಸಂದಿ ಸೇರುತ್ತವೆ, ಬಣ್ಣವೂ ಪೇಲವ. ದಿನವಿಡೀ ಉರಿಸಿದರೆ ಪಾಚಿ. ಅಗ್ಗದ ಎಲ್‌ಇಡಿಗಳಿಗೆ ಇನ್ನೊಂದು ಕಾಟ: ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಕೆಲವು ದೀಪ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೈಲೆಂಟ್ (ಎಲೆಕ್ಟ್ರಾನಿಕ್) ಶಟರಿನಲ್ಲಿ ವೇಗ ಏರಿಸಿದರೆ ಚಿತ್ರದ ತುಂಬ ಅಡ್ಡ ಪಟ್ಟೆ. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ, ಮೀನು ಮತ್ತೆ ಅಲ್ಲಾಡುತ್ತದೆ. ಫೋನಿನವರಿಗೆ ಮಾತ್ರ ಈ ದಾರಿ ಒಳ್ಳೆಯದು, ಅದನ್ನು ಮುಂದೆ ಹೇಳುತ್ತೇನೆ.

ಈಗ ಫ್ಲ್ಯಾಶ್. ಕ್ಯಾಮೆರಾದ ನೆತ್ತಿಯ ಮೇಲಿನದಲ್ಲ. ಅದು ಗಾಜಿನಲ್ಲೇ ಬಿಳಿ ಉಂಡೆಯಾಗಿ ಕಾಣುತ್ತದೆ, ನೀರಿನ ಕಸವನ್ನೆಲ್ಲ ನಕ್ಷತ್ರ ಮಾಡುತ್ತದೆ. ಹಳೆಯ ಮ್ಯಾನ್ಯುಯಲ್ ಫ್ಲ್ಯಾಶ್ ಒಂದನ್ನು ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಮುಖ ಕೆಳಗಾಗಿ ಇಟ್ಟೆ. ಅದರ ಮುಖಕ್ಕೆ ಬಟರ್ ಪೇಪರ್, ಕ್ಯಾಮೆರಾಗೆ ವೈರ್‌ಲೆಸ್ ಟ್ರಿಗರ್. ಪವರ್ 1/16 (ಪೂರ್ತಿ ಶಕ್ತಿಯ ಹದಿನಾರರಲ್ಲಿ ಒಂದು ಪಾಲು), ಶಟರ್ 1/200, ಎಫ್/11, ಐಎಸ್‌ಒ 200. ಈ ಲೆಕ್ಕದಲ್ಲಿ ಕೋಣೆಯ ಬೆಳಕು ಸೆನ್ಸರಿಗೆ ಬೀಳುವುದೇ ಇಲ್ಲವೆನ್ನುವಷ್ಟು ಕಡಿಮೆ. ಚಿತ್ರ ಮೂಡುವುದು ಫ್ಲ್ಯಾಶ್ ಮಿಂಚಿದ ಹೊತ್ತಿನಲ್ಲಿ ಮಾತ್ರ. ಕಡಿಮೆ ಪವರಿನಲ್ಲಿ ಆ ಮಿಂಚು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಎಷ್ಟೋ ಚಿಕ್ಕದು. ಮೀನು ಹಾರಿದರೂ ಅಲ್ಲೇ ನಿಂತಂತೆ ಸಿಗುತ್ತದೆ. ಬೆಟ್ಟಾದ ಕೆನ್ನೆಯ ಹುರುಪೆಗಳು ಒಂದೊಂದಾಗಿ ಎಣಿಸುವಂತೆ ಬಂದವು. ಸಿಗಡಿ ಮೀಸೆಯ ಎರಡು ಎಳೆ, ಅದು ಪಾಚಿ ಕೆದಕುವ ಪುಟ್ಟ ಕಾಲು, ಬೆನ್ನೊಳಗಿನ ಹಳದಿ ಮೊಟ್ಟೆಯ ಗುಪ್ಪೆ ಎಲ್ಲ ಕಂಡವು. ಅದೇ ಕ್ಯಾಮೆರಾ, ಅದೇ ಲೆನ್ಸು!

ಕಷ್ಟಗಳೂ ಇವೆ. ಮುಚ್ಚಳದ ಒಳಬದಿಯ ನೀರಹನಿಗಳನ್ನು ಒರೆಸದಿದ್ದರೆ ಮೀನಿನ ಮೇಲೆ ಮಚ್ಚೆ ಬೀಳುತ್ತದೆ. ಮುಚ್ಚಳವಿಲ್ಲದ ತೊಟ್ಟಿಯ ಮೇಲೆ ಫ್ಲ್ಯಾಶ್ ತೂಗುಹಾಕುವ ಸಾಹಸ ಬೇಡ. ಮೇಲಿಂದ ಮಾತ್ರ ಬೆಳಕು ಬಂದರೆ ಹೊಟ್ಟೆ ಕಪ್ಪಾಗುತ್ತದೆ. ತಳದಲ್ಲಿ ತಿಳಿ ಬಣ್ಣದ ಮರಳಿದ್ದರೆ ಬೆಳಕು ತಿರುಗಿ ಏಳುತ್ತದೆ. ಫೋಟೊಗೆ ಮುಂಚೆ ಊಟ ಹಾಕಬೇಡಿ, ಕಸ ತೇಲುತ್ತದೆ. ನನ್ನ ಮೀನುಗಳು ಮೊದಲ ಮಿಂಚಿಗೆ ಬೆದರಿ ಆಮೇಲೆ ಲೆಕ್ಕಕ್ಕಿಡಲಿಲ್ಲ. ನಿಮ್ಮವು ಅಡಗಿಕೊಂಡರೆ ನಿಲ್ಲಿಸಿಬಿಡಿ.

ಹತ್ತಿರ ಹೋಗಲು ಲೆನ್ಸಿನ ಮುಂದೆ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-250 ಎಂಬ ಕ್ಲೋಸಪ್ ಲೆನ್ಸು ಮತ್ತು ಲೆನ್ಸಿನ ಹಿಂದೆ ಹಾಕುವ ಖಾಲಿ ಕೊಳವೆ, ಅಂದರೆ ಎಕ್ಸ್‌ಟೆನ್ಶನ್ ಟ್ಯೂಬ್ ಎರಡನ್ನೂ ನೋಡಿದೆ. ಟ್ಯೂಬು ಬೆಳಕು ತಿನ್ನುತ್ತದೆ, ರೇನಾಕ್ಸ್ ತಿನ್ನಲ್ಲ. ಕತ್ತಲೆಯಲ್ಲಿ ಇದು ದೊಡ್ಡ ವ್ಯತ್ಯಾಸ. ಆದರೆ ರೇನಾಕ್ಸ್ 8 ಡಯಾಪ್ಟರಿನದು (ಕನ್ನಡಕದ ಪವರಿನ ಅದೇ ಅಳತೆ), ಸುಮಾರು 12 ಸೆಂಟಿಮೀಟರಿಗಿಂತ ದೂರ ಇರುವುದು ಅದಕ್ಕೆ ಕಾಣದು. ಮುಂದಿನ ಗಾಜಿನ ಹತ್ತಿರ ಬಂದ ಸಿಗಡಿಯಷ್ಟೇ ನಿಮ್ಮದು. ಎರಡರಲ್ಲೂ ಆಟೊಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಮ್ಯಾನ್ಯುಯಲ್‌ಗೆ ಹಾಕಿ, ಫೋಕಸನ್ನು ಅಲ್ಲೇ ಬಿಟ್ಟು, ನೀವೇ ಸ್ವಲ್ಪ ಮುಂದೆ ಹಿಂದೆ ಸರಿದು ಕಣ್ಣು ಚೂಪಾದಾಗ ಒತ್ತುವುದೇ ವಾಸಿ.

ಫೋನಿಗೆ ಬರೋಣ. ನೈಟ್ ಮೋಡ್ ಹಲವು ಫ್ರೇಮ್ ಸೇರಿಸಿ ಒಂದು ಮಾಡುತ್ತದೆ, ಅಷ್ಟರಲ್ಲಿ ಮೀನು ಇನ್ನೆಲ್ಲೋ. ಆಫ್ ಮಾಡಿ. ಎಷ್ಟೋ ಫೋನುಗಳ ಮ್ಯಾಕ್ರೊ ಮೋಡ್ ಕತ್ತಲೆಯಲ್ಲಿ ಸೊರಗುವ ಅಲ್ಟ್ರಾವೈಡ್ ಕ್ಯಾಮೆರಾದ್ದು. ಒಂದಡಿ ದೂರ ನಿಂತು 2ಎಕ್ಸ್‌ನಲ್ಲಿ, ಪ್ರೊ ಮೋಡಿನಲ್ಲಿ 1/125 ಇಟ್ಟು ತೆಗೆದಾಗ ಹೆಚ್ಚು ವಿವರ ಬಂತು. ಮುಚ್ಚಳದ ಮೇಲೆ ಇನ್ನೊಂದು ಫೋನಿನ ಟಾರ್ಚ್ ಹಚ್ಚಿಟ್ಟರೆ ಅಲ್ಲೇ ಬದಲಾವಣೆ ಕಾಣುತ್ತದೆ. 4ಕೆ ವಿಡಿಯೊ ತೆಗೆದು ಫ್ರೇಮ್ ಎತ್ತಿಕೊಳ್ಳುವ ಉಪಾಯವೂ ಇದೆ. ಒಂದೊಂದು ಫ್ರೇಮೂ ಸುಮಾರು 8 ಮೆಗಾಪಿಕ್ಸೆಲ್, ವಾಟ್ಸ್ಆ್ಯಪ್‌ಗೆ ಧಾರಾಳ. ಪ್ರಿಂಟ್ ಹಾಕಿಸುವ ಆಸೆ ಇದ್ದರೆ ಬೇಡ.

ಉಳಿದದ್ದು ಸಾಫ್ಟ್‌ವೇರ್. ಫೋಟೊ ತಿದ್ದುವ ಲೈಟ್‌ರೂಮಿನಲ್ಲಿ 2023ರಲ್ಲಿ ಬಂದ ಎಐ ಡಿನಾಯ್ಸನ್ನು ಆ ಐಎಸ್‌ಒ 6400ರ ರಾ ಫೈಲಿಗೆ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಫೈಲು) ಹಾಕಿದೆ. ರವೆ ಮಾಯ, ರೆಕ್ಕೆಯ ಕಡ್ಡಿಗಳಲ್ಲಿ ಅರ್ಧದಷ್ಟು ವಾಪಸ್. ನಿಜಕ್ಕೂ ಬೆಲೆ ಬಾಳುವ ಕೆಲಸ. ಸ್ನ್ಯಾಪ್‌ಸೀಡ್ ಆ್ಯಪಿನ ಶಾರ್ಪನಿಂಗ್ ಸ್ವಲ್ಪ ಮಂಕಾದ ಚಿತ್ರಕ್ಕೆ ಚೂರು ಜೀವ ಕೊಡುತ್ತದೆ; ಅತಿಯಾದರೆ ಮೀನಿನ ಸುತ್ತ ಬಿಳಿ ಅಂಚು. ಅಲ್ಲಾಡಿದ ಟೆಟ್ರಾವನ್ನು ಎಐ ಶಾರ್ಪನಿಂಗಿಗೆ ಕೊಟ್ಟಾಗ ಅದು ಹೊಸ ಹುರುಪೆಗಳನ್ನೇ ಬರೆಯಿತು, ಬಾತ್‌ರೂಮ್ ಟೈಲ್ಸಿನ ಹಾಗೆ ಸಾಲಾಗಿ. ನೋಡಲು ಚೂಪು, ಆದರೆ ಅದು ನನ್ನ ಮೀನಲ್ಲ.

ಹಾಗಾಗಿ ಹಳೆಯ ಫೋಲ್ಡರಿನಲ್ಲಿ ನಾಯ್ಸ್ ಇರುವವನ್ನು ಇಟ್ಟುಕೊಂಡೆ, ಅಲ್ಲಾಡಿದವನ್ನೂ ಫೋಕಸ್ ತಪ್ಪಿದವನ್ನೂ ಅಳಿಸಿದೆ. ಮ್ಯಾಕ್ರೊ ಲೆನ್ಸಿಗೆ ಎತ್ತಿಟ್ಟ ದುಡ್ಡು ಹಾಗೇ ಇದೆ. ಅದರಲ್ಲಿ ಎರಡನೇ ಫ್ಲ್ಯಾಶ್ ತಗೊಂಡು ತೊಟ್ಟಿಯ ಪಕ್ಕದ ಗಾಜಿನಿಂದಲೂ ಬೆಳಕು ಬಿಡುವ ಯೋಚನೆ.