ಹೊಗೆಯೋ, ತೊಟ್ಟಿ ತೊಳೆಯುವುದೋ: ಮಂಡ್ಯದ ಮನೆಗಳಿಗೆ ಯಾವುದು ಮೊದಲು?

ಮಳೆಗಾಲ ಹಿಡಿದೊಡನೆ ಮಂಡ್ಯದ ಬಡಾವಣೆಗಳಲ್ಲಿ ಡೆಂಗಿ ತಡೆಗೆ ಫಾಗಿಂಗ್ (ಕೀಟನಾಶಕದ ಹೊಗೆ ಹಾಯಿಸುವುದು) ಮಾಡಿಸಬೇಕೆಂಬ ಬೇಡಿಕೆ ಏಳುತ್ತದೆ. ಆದರೆ ಆ ಹೊಗೆ ಕೊಲ್ಲುವುದು ಆಗ ಹಾರಾಡುತ್ತಿರುವ ಸೊಳ್ಳೆಗಳನ್ನು ಮಾತ್ರ. ನೀರಿನಲ್ಲಿರುವ ಮರಿಹುಳುಗಳಾದ ಲಾರ್ವಾಗಳನ್ನಾಗಲಿ, ಮಂಚದಡಿ, ನೇತುಹಾಕಿದ ಬಟ್ಟೆಗಳ ಮರೆಯಲ್ಲಿ ಕೂರುವ, ಡೆಂಗಿ ಹರಡುವ ಈಡಿಸ್ ಸೊಳ್ಳೆಯನ್ನಾಗಲಿ ಬೀದಿಯ ಹೊಗೆ ಸರಿಯಾಗಿ ಮುಟ್ಟುವುದಿಲ್ಲ.

ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿಗಳನ್ನು ಬರಿದುಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯುವುದೇ ನನ್ನ ದೃಷ್ಟಿಯಲ್ಲಿ ಮೊದಲ ಆಯ್ಕೆ. ಮೊಟ್ಟೆಯು ಹಾರುವ ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕಾಗುವುದರಿಂದಲೇ ಈ ವಾರದ ಲೆಕ್ಕ. ಗೋಡೆಗಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯಬಲ್ಲವಾದ್ದರಿಂದ, ನೀರು ಚೆಲ್ಲಿದರಷ್ಟೇ ಸಾಲದು, ಉಜ್ಜಲೇಬೇಕು. ಬರಿದುಮಾಡಲಾಗದ ದೊಡ್ಡ ತೊಟ್ಟಿಗೆ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಡಬಹುದು.

ಸೊಳ್ಳೆಪರದೆಯ ವಿಚಾರ ಊರಿನಿಂದ ಊರಿಗೆ ಬೇರೆ. ಈಡಿಸ್ ಹಗಲಿನಲ್ಲಿ ಕಚ್ಚುವುದರಿಂದ ಪೇಟೆಯಲ್ಲಿ ಅದು ಮುಖ್ಯವಾಗಿ ಹಗಲು ಮಲಗುವ ಕೂಸಿಗೆ, ಜ್ವರದಲ್ಲಿರುವವರಿಗೆ ಬೇಕು. ನಾಲೆ ಬಯಲಿನ ಹಳ್ಳಿಗಳಲ್ಲಾದರೋ, ಭತ್ತದ ಗದ್ದೆಯ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಸಂಜೆಯ ನಂತರ ಕಚ್ಚಿ ಜಪಾನೀಸ್ ಮಿದುಳು ಜ್ವರವನ್ನು ಹರಡಬಲ್ಲದು. ಅಲ್ಲಿ ರಾತ್ರಿಯ ಪರದೆ, ಮಕ್ಕಳಿಗೆ ಲಸಿಕೆ ಎರಡನ್ನೂ ಬಿಡಬಾರದು.

ಬೀದಿಯಲ್ಲಿ ಡೆಂಗಿ ಪ್ರಕರಣಗಳು ಕಂಡುಬಂದಾಗ ಫಾಗಿಂಗ್ ಕೇಳಿ, ಆದರೆ ಅದೇ ದಿನ ತೊಟ್ಟಿಯನ್ನೂ ತೊಳೆಯಿರಿ.