ಚಿಕ್ಕಪೇಟೆ ಗಲ್ಲಿಯ ಉಲ್ಲನ್ ಅಂಗಡಿ: ನಾಲ್ಕು ಸ್ಟಾರ್, ಐದನೇದು ನಮ್ಮತ್ತೆ ಕೊಡ್ಲಿಲ್ಲ

ಉಲ್ಲನ್ ತಗೊಳೋಕೆ ಚಿಕ್ಕಪೇಟೆ ತನಕ ಯಾರು ಹೋಗ್ತಾರೆ, ಫೋನಲ್ಲಿ ಒತ್ತಿದ್ರೆ ಬಾಗಿಲಿಗೇ ಬರತ್ತಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಬಂತು ಕೂಡ. ಹೋದ ವರ್ಷ ನಮ್ಮನೆಯವರಿಗೆ ಒಂದು ಸ್ವೆಟರ್ ಹಾಕೋಣ ಅಂತ ಬೂದಿ ಬಣ್ಣದ ದಾರ 400 ಗ್ರಾಂ ಆನ್‌ಲೈನಲ್ಲಿ ತರ್ಸಿದೆ, ಎರಡನೇ ತೋಳು ಅರ್ಧಕ್ಕೆ ಬರೋ ಹೊತ್ತಿಗೆ ಮುಗೀತು, ಅದೇ ಕಡೆಯಿಂದ ಅದೇ ಶೇಡ್ ನಂಬರ್ ನೋಡಿ ಇನ್ನೊಂದು ಉಂಡೆ ತರ್ಸಿದ್ರೆ ಮೊಣಕೈಯಿಂದ ಕೆಳಗೆ ಬೇರೆ ಬಣ್ಣ! ರಾತ್ರಿ ಟ್ಯೂಬ್‌ಲೈಟಲ್ಲಿ ಗೊತ್ತಾಗ್ಲಿಲ್ಲ, ಬೆಳಿಗ್ಗೆ ಬಿಸಿಲಿಗೆ ಹಿಡಿದು ನೋಡಿದ್ರೆ ತೇಪೆ ಹಾಕಿದಂಗಿತ್ತು. ಪಾಪ ಅವರು ಒಂದು ಮಾತೂ ಅನ್ಲಿಲ್ಲ, ಆದ್ರೆ ಆ ಸ್ವೆಟರ್ ಹೊರಗೆ ಬರೋದು ಬೆಳಗಿನ ಜಾವ ಐದೂವರೆಗೆ ಹಾಲಿನ ಬೂತಿಗೆ ಹೋಗುವಾಗ ಮಾತ್ರ.

ಈ ಸಲ ನಾದಿನಿ ಬಾಣಂತನ ನಮ್ಮನೇಲೇ, ಡಿಸೆಂಬರ್ ಕೊನೇಗೆ ಡೇಟ್ ಕೊಟ್ಟಿದಾರೆ. ಕುಲಾವಿ, ಸಾಕ್ಸು, ಸಣ್ಣದೊಂದು ಶಾಲು ಎಲ್ಲಾ ಮನೇಲೇ ಹಾಕ್ಬೇಕು ಅಂತ ಅತ್ತೆ ಹಟ. ಬೆಂಗಳೂರಲ್ಲಿ ಅಂಥಾ ಚಳಿ ಎಲ್ಲಮ್ಮಾ ಇದೆ, ಇಲ್ಲಿ ದಾಖಲಾಗಿರೋ ಅತಿ ಕಮ್ಮಿ ಅಂದ್ರೆ 7.8 ಡಿಗ್ರಿ, ಅದೂ 1884ನೇ ಇಸವಿ ಜನವರಿ 13ಕ್ಕೆ ಅಂತ ನಮ್ಮನೆಯವರು ಫೋನ್ ನೋಡ್ಕೊಂಡು ಓದಿದ್ರು. ಅತ್ತೆ ಕಡ್ಡಿಯಿಂದ ಕಣ್ಣೆತ್ತದೆ "ಮೊದ್ಲು ಆ ಫ್ಯಾನ್ ಆಫ್ ಮಾಡು" ಅಂದ್ರು.

ಹಂಗೆ ಅತ್ತೇನ ಕರ್ಕೊಂಡು ಬನಶಂಕರೀಲಿ ಮೆಟ್ರೋ ಹತ್ತಿ ಚಿಕ್ಕಪೇಟೇಲಿ ಇಳಿದ್ವಿ. 2017ರಲ್ಲಿ ಆ ಸ್ಟೇಷನ್ ಶುರುವಾದ್ಮೇಲೆ ನಮ್ಮ ಕಡೆಯೋರಿಗೆ ಪೇಟೆ ಹತ್ರ ಆಗಿದೆ ನಿಜ, ಆದ್ರೆ ಸ್ಟೇಷನ್ನಿಂದ ಅಂಗಡಿ ತನಕ ಇರೋ ಐದು ನಿಮಿಷದ ದಾರೀಲಿ ಕೈಗಾಡಿ, ಸ್ಕೂಟರು, ತಲೆ ಮೇಲೆ ಬಟ್ಟೆ ಗಂಟು ಹೊತ್ತೋರು ಎಲ್ಲರಿಗೂ ಜಾಗ ಬಿಡ್ತಾ ಹೋದ್ರೆ ಹದಿನೈದು ನಿಮಿಷ.

ಅಂಗಡಿ ಅಂದ್ರೆ ಎಂಟಡಿ ಅಗಲ, ಒಳಗೆ ರೈಲು ಡಬ್ಬಿ ಥರ ಉದ್ದ, ನೆಲದಿಂದ ಸೂರಿನ ತನಕ ದಾರ. ವರ್ಧಮಾನ್, ಓಸ್ವಾಲ್ ಎಲ್ಲಾ ಇದೆ, ಕ್ರೋಶಾ ಹಾಕೋಕೆ ಆಂಕರ್ ಕಾಟನ್ ದಾರ ಒಂದು ಇಡೀ ಗೋಡೆ. ನಾನು ಒಂದು ಕೆನೆ ಬಣ್ಣದ ಉಂಡೆ ತೋರ್ಸಿ ಆರು ಕೊಡಿ ಅಂದೆ. ಅಂಗಡಿ ಯಜಮಾನ್ರು ಕೊಡ್ಲಿಲ್ಲ. ಒಂದೊಂದೇ ಉಂಡೆಗೆ ಸುತ್ತಿರೋ ಪೇಪರ್ ಪಟ್ಟಿನ ಕನ್ನಡಕ ಹಣೆಗೇರಿಸ್ಕೊಂಡು ಮೂಗಿನ ಹತ್ರ ಹಿಡಿದು ಓದಿದ್ರು, ನಾಲ್ಕನ್ನ ಈ ಕಡೆ ಎರಡನ್ನ ಆ ಕಡೆ ಇಟ್ರು. "ಶೇಡ್ ಒಂದೇ ಮೇಡಂ, ಲಾಟ್ ಬೇರೆ. ಒಂದೇ ಸಲ ಬಣ್ಣಕ್ಕೆ ಹಾಕಿದ್ದಲ್ಲ ಇದು." ಒಳಗಿನಿಂದ ಇನ್ನೆರಡು ಹುಡುಕಿಸಿ ತರ್ಸಿ ಆರೂ ಒಂದೇ ಲಾಟ್ ಮಾಡಿ ಕೊಟ್ರು. ನಮ್ಮನೆಯವರ ತೋಳಿನ ಕಥೆ ಅಲ್ಲೇ ನಂಗರ್ಥ ಆಯ್ತು. ಇನ್ನೂ ಒಂದು ಮಾಡಿದ್ರು, ಅದೇ ಲಾಟಲ್ಲಿ ಎರಡು ಉಂಡೆ ಪಕ್ಕಕ್ಕೆ ಎತ್ತಿಟ್ಟು ಅದರ ಮೇಲೆ ಅತ್ತೆ ಹೆಸರು ಬರೆದ್ರು, ಒಂದು ತಿಂಗಳೊಳಗೆ ಬೇಕಂದ್ರೆ ತಗೊಂಡ್ಹೋಗಿ, ಬೇಡ ಅಂದ್ರೆ ಒಂದು ಫೋನ್ ಮಾಡಿ ಅಂತ. ಅಡ್ವಾನ್ಸ್ ಕೇಳ್ಲಿಲ್ಲ. ಪಟ್ಟಿ ಹರೀದೇ ಇರೋ ಉಂಡೆ ಮಿಕ್ಕಿದ್ರೆ ವಾಪಸ್ಸೂ ತಗೋತಾರೆ, ದುಡ್ಡು ಕೊಡಲ್ಲ, ಬದಲಿಗೆ ಬೇರೆ ದಾರ.

ಮಗೂಗೆ ಅಂತ ನಾನು ಪುಸುಪುಸು ಅನ್ನೋ ನಯವಾದ ದಾರ ಆರಿಸ್ಕೊಂಡಿದ್ದೆ, ಅದನ್ನೂ ಬೇಡ ಅಂದ್ರು. ಅದರ ಜುಂಗು ಮಗು ಬಾಯಿಗೆ ಹೋಗತ್ತೆ. ಸಾಕ್ಸ್ ಹಾಕಿದ್ರೆ ಒಳಗಡೆ ಎಳೆ ಉದ್ದ ಬಿಡ್ಬೇಡಿ, ಬೆರಳಿಗೆ ಸುತ್ಕೊಂಡ್ರೆ ರಕ್ತ ಓಡಾಟ ನಿಲ್ಲತ್ತೆ ಅಂದಾಗ ಅತ್ತೆ "ಅದನ್ನ ನಂಗೆ ಹೇಳ್ತೀರಾ, ಮೂರು ಬಾಣಂತನ ಮಾಡಿದೀನಿ" ಅಂದ್ರು. ಆದ್ರೂ ಮನೇಗೆ ಬಂದ್ಮೇಲೆ ಹಳೇ ಸಾಕ್ಸೆಲ್ಲ ತೆಗೆದು ಒಳಗು ಹೊರಗು ಮಾಡಿ ನೋಡಿದ್ದು ನಾನು ನೋಡ್ದೆ.

ಈಗ ಮಗಳ ವಿಷಯ. ಒಂಬತ್ತನೇ ಕ್ಲಾಸು, ಯೂಟ್ಯೂಬ್ ನೋಡಿ ಕ್ರೋಶಾ ಕಲ್ತಿದಾಳೆ, ಚೆನ್ನಾಗೇ ಹಾಕ್ತಾಳೆ. ಅಜ್ಜಿ ಟ್ರಂಕಲ್ಲಿ ಸಿಕ್ಕಿದ ಹಳೇ ಇಂಗ್ಲಿಷ್ ಪ್ಯಾಟ್ರನ್ ಪುಸ್ತಕ ನೋಡಿ ಒಂದು ಕುಲಾವಿ ಹಾಕಿದ್ಲು, ಅದು ಕುಲಾವಿ ಹೋಗಿ ಈರುಳ್ಳಿ ಚೀಲ ಆಯ್ತು, ಉದ್ದಕ್ಕೆ, ತೂತು ತೂತು. ಎರಡು ಸಲ ಬಿಚ್ಚಿ ಹಾಕಿ ಅತ್ತೂ ಆಯ್ತು. ಎರಡನೇ ಸಲ ಅಂಗಡಿಗೆ ಹೋದಾಗ ಅವಳನ್ನೂ ಪುಸ್ತಕಾನೂ ಕರ್ಕೊಂಡ್ಹೋದೆ. ಯಜಮಾನ್ರು ಪುಸ್ತಕ ತೆರೀಲೇ ಇಲ್ಲ, "ಇದ್ರಲ್ಲಿ ಸಿಂಗಲ್ ಅನ್ನೋ ಮಾತು ಎಲ್ಲಾದ್ರೂ ಇದ್ಯಾ ನೋಡು ಪುಟ್ಟಾ" ಅಂದ್ರು. ಇಲ್ಲ. ಹಂಗಾದ್ರೆ ಇದು ಇಂಗ್ಲೆಂಡ್ ಪುಸ್ತಕ. ವಿಷಯ ಏನಂದ್ರೆ ಅಮೆರಿಕದೋರು ಸಿಂಗಲ್ ಕ್ರೋಶೆ ಅನ್ನೋ ಗಿಡ್ಡ ಹೊಲಿಗೇನೇ ಇಂಗ್ಲೆಂಡಿನೋರು ಡಬಲ್ ಅಂತಾರಂತೆ, ಅಮೆರಿಕದೋರ ಡಬಲ್ಲು ಇವರಿಗೆ ಟ್ರೆಬಲ್ಲು. ಇವಳು ಅಮೆರಿಕದ ವಿಡಿಯೋದಲ್ಲಿ ಕಲ್ತ ಎತ್ತರದ ಡಬಲ್ ಹಾಕಿದಾಳೆ, ಪುಸ್ತಕ ಕೇಳಿದ್ದು ಗಿಡ್ಡದ್ದು! ಕಡ್ಡಿ ನಂಬರೂ ಇದೇ ಗೋಳು. ನಮ್ಮಲ್ಲಿ ನಡೆಯೋದು ಹಳೇ ಇಂಗ್ಲೆಂಡ್ ಲೆಕ್ಕ, 8ನೇ ನಂಬರ್ ಅಂದ್ರೆ 4 ಮಿಲಿಮೀಟರ್, 10 ಅಂದ್ರೆ 3.25, ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. ಅತ್ತೆಗೆ ಮಿಲಿಮೀಟರ್ ಗೊತ್ತಿಲ್ಲ, ಬಾರ್ಡರಿಗೆ ಹತ್ತು ಮೈಗೆ ಎಂಟು, ಅಷ್ಟೇ. ಮಗಳಿಗೆ ನಂಬರ್ ಗೊತ್ತಿಲ್ಲ. ಈಗ ಮಗಳು ಕಡ್ಡಿ ಚೀಲದ ಮೇಲೆ ಎರಡೂ ಲೆಕ್ಕ ಸ್ಕೆಚ್ ಪೆನ್ನಲ್ಲಿ ಬರೆದು ಅಂಟಿಸಿದಾಳೆ.

ಸೀರೆ ಕುಚ್ಚು ಹಾಕೋರಿಗೂ ಅಂಗಡಿ ಚೆನ್ನಾಗಿದೆ, ಸೀರೇನೇ ತಗೊಂಡ್ಹೋದ್ರೆ ಸೆರಗಿಗೆ ಹಿಡಿದು ರೇಷ್ಮೆ ದಾರ ಮ್ಯಾಚ್ ಮಾಡಿ ಕೊಡ್ತಾರೆ, ಮಣೀನೂ ಇದೆ. ಆದ್ರೆ ಅಲ್ಲಿ ತಗೊಂಡ ಸಣ್ಣ ಸ್ಟೀಲ್ ಕ್ರೋಶಾ ಕಡ್ಡಿ ತುದಿ ಒರಟು, ನನ್ನ ಮೈಸೂರ್ ಸಿಲ್ಕ್ ಸೆರಗಲ್ಲಿ ಒಂದು ಎಳೆ ಎಳೆದ್ಬಿಡ್ತು. ತಗೊಳೋ ಮುಂಚೆ ತುದೀನ ಉಗುರಿನ ಮೇಲೆ ಸವರಿ ನೋಡಿ. ಯಾವುದರ ಮೇಲೂ ರೇಟ್ ಬರೆದಿಲ್ಲ, ಕೇಳ್ಕೊಂಡೇ ತಗೋಬೇಕು. ಭಾನುವಾರ ಬಾಗಿಲು ಹಾಕಿರತ್ತೆ. ಶನಿವಾರ ಸಗಟು ಗಿರಾಕಿಗಳು ಮೂಟೆ ಕಟ್ಟಿಸ್ತಿರ್ತಾರೆ, ಒಂದೆರಡು ಉಂಡೆ ಕೇಳೋರನ್ನ ಯಾರೂ ಮಾತಾಡಿಸಲ್ಲ. ಇದೆಲ್ಲಕ್ಕಿಂತ ದೊಡ್ಡ ತಪ್ಪು, ಕೂರೋಕೆ ಒಂದು ಸ್ಟೂಲ್ ಇಲ್ಲ. ಎಪ್ಪತ್ತೊಂದು ವರ್ಷದೋರು ಮೂರು ಕಡಿದಾದ ಮೆಟ್ಲು ಹತ್ತಿ ಮುಕ್ಕಾಲು ಗಂಟೆ ನಿಂತ್ಕೊಂಡ್ರು. ಕೊನೇಗೆ ದಾರದ ಮೂಟೆ ಮೇಲೇ ಕೂತ್ರು, ಹುಡುಗ ಏನೋ ಹೇಳೋಕೆ ಬಂದ, ಅತ್ತೆ ನೋಡಿದ ನೋಟಕ್ಕೆ ವಾಪಸ್ ಹೋದ. ಐದನೇ ಸ್ಟಾರ್ ಹೋಗಿದ್ದು ಅಲ್ಲೇ.

ಮನೇಲೀಗ ಎಲ್ಲೆಲ್ಲೂ ದಾರ. ಅತ್ತೇನ ಕಾಫಿ ಬೇಕಾ ಅಂತ ಕೇಳಿದ್ರೆ "ಮೂವತ್ನಾಲ್ಕು" ಅಂತಾರೆ, ಹೊಲಿಗೆ ಎಣಿಸ್ತಿರ್ತಾರೆ. ಸೋಫಾದಲ್ಲಿ ಕೂತ್ರೆ ಕಡ್ಡಿ ಚುಚ್ಚತ್ತೆ ಅಂತ ನಮ್ಮನೆಯವರು ಗೊಣಗಿದಾಗ ನಾನು 2016ರ ಜನವರೀಲಿ ಚೆನ್ನೈಯಲ್ಲಿ ಕ್ರೋಶಾ ಹಾಕೋರೆಲ್ಲ ಸೇರಿ 11,148.5 ಚದರ ಮೀಟರಿನ ಕಂಬಳಿ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದ್ರು, ಅವರ ಮನೆ ಗಂಡಸರೆಲ್ಲ ಎಲ್ಲಿ ಕೂತ್ಕೊಂಡ್ರೋ ಕೇಳಿ ಅಂದೆ. ಗೊಣಗಿದ್ದು ಸಾಲದ್ದಕ್ಕೆ ನಮ್ಮನೆಯವರು ಮೊದಲನೇ ಕುಲಾವಿ ಮುಗೀತಿದ್ದಂಗೆ ನೀಟಾಗಿರ್ಲಿ ಅಂತ ಇಸ್ತ್ರಿ ಹಾಕ್ಬಿಟ್ರು. ದಾರ ಅಕ್ರಿಲಿಕ್, ಅಂದ್ರೆ ಉಣ್ಣೆಯಲ್ಲದ ಕೃತಕ ನೂಲು, ಅದಕ್ಕೆ ಬಿಸಿ ತಾಗಿದ್ರೆ ಆಯ್ತು, ಬಾರ್ಡರಿನ ಹಿಗ್ಗು ಸತ್ತೋಗಿ ಹಪ್ಪಳದ ಥರ ಚಪ್ಪಟೆ, ಮತ್ತೆ ಎದ್ದೇಳಲ್ಲ.

ಅದಕ್ಕೇ ಎತ್ತಿಟ್ಟಿದ್ದ ಆ ಎರಡು ಉಂಡೆ ತರೋಕೆ ನಾಳಿದ್ದು ಮತ್ತೆ ಹೋಗ್ತಿದೀವಿ. ಅತ್ತೆ ಈಗ್ಲೇ ಬಾಗಿಲ ಹತ್ರ ಮಡಚೋ ಪ್ಲಾಸ್ಟಿಕ್ ಸ್ಟೂಲ್ ಇಟ್ಕೊಂಡಿದಾರೆ, ಮೆಟ್ರೋದಲ್ಲಿ ಬಿಡ್ತಾರಾ ಅಂತ ನನ್ನ ಮೂರು ಸಲ ಕೇಳಿದ್ರು.