ಲೇಬಲ್ ಇಲ್ಲದ ನೋವಿನ ಗುಳಿಗೆ ನುಂಗುವ ಮುಂಚೆ ಇದನ್ನು ಓದಿ

ಹಳೇ ನೋವಿಗೆ "ಸೈಡ್ ಎಫೆಕ್ಟ್ ಇಲ್ಲದ ಗಿಡಮೂಲಿಕೆ" ಅಂತ ಯಾರಾದರೂ ಲೇಬಲ್ ಇಲ್ಲದ ಡಬ್ಬಿ ಕೊಟ್ಟರೆ ದಯವಿಟ್ಟು ನುಂಗಬೇಡಿ. ಈಗಾಗಲೇ ನುಂಗುತ್ತಿದ್ದರೆ ದಿಢೀರ್ ಅಂತ ನಿಲ್ಲಿಸಲೂ ಬೇಡಿ. ಎರಡನೇ ಮಾತೇ ಜಾಸ್ತಿ ಮುಖ್ಯ.

ನನಗೆ ಸೊಂಟ ಮತ್ತು ಕೈಗಂಟುಗಳ ನೋವು ವರ್ಷಗಳಿಂದ ಇದೆ. ರಕ್ತ ಪರೀಕ್ಷೆ, ಎಕ್ಸ್‌ರೇ, ಎಂಆರ್‌ಐ ಎಲ್ಲ ಆಗಿತ್ತು. "ರಿಪೋರ್ಟ್ ನಾರ್ಮಲ್ ಇದೆ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಅನ್ನುವುದನ್ನು ಕೇಳಿ ಕೇಳಿ ರೋಸಿ ಹೋಗಿದ್ದೆ. ಅಂಥ ಹೊತ್ತಿನಲ್ಲಿ ಸಮಾಧಾನವಾಗಿ ಕೂತು ನಮ್ಮ ಮಾತು ಕೇಳುವವರು ಸಿಕ್ಕರೆ ದೇವರ ಹಾಗೆ ಕಾಣುತ್ತಾರೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ನನಗೆ ಗುಳಿಗೆ ಕೊಟ್ಟ ಮನುಷ್ಯ ರಾತ್ರಿ ನಿದ್ದೆ ಹೇಗೆ ಬರುತ್ತೆ ಅಂತ ಕೇಳಿದ. ಅದುವರೆಗೆ ಯಾವ ಡಾಕ್ಟರೂ ಅದನ್ನು ಕೇಳಿರಲಿಲ್ಲ.

ಗುಳಿಗೆ ಕೆಲಸ ಮಾಡಿತು. ತುಂಬಾ ಬೇಗ, ತುಂಬಾ ಚೆನ್ನಾಗಿ. ಅನುಮಾನ ಬರಬೇಕಾದದ್ದೇ ಇಲ್ಲಿ. ಇಂಥ ಡಬ್ಬಿಗಳಲ್ಲಿ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ (ಊತ, ನೋವನ್ನು ಬೇಗ ಅಡಗಿಸುವ ಔಷಧಿ), ಜೊತೆಗೆ ನೋವಿನ ಮಾತ್ರೆ ಡೈಕ್ಲೋಫೆನಾಕ್ ಬೆರೆಸುವುದು ಹಳೇ ದಂಧೆ. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 'ಆರ್ಟ್ರಿ ಕಿಂಗ್' ಎಂಬ ಕೀಲುನೋವಿನ ಉತ್ಪನ್ನದ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅದರಲ್ಲಿ ಸಿಕ್ಕಿದ್ದು ಡೆಕ್ಸಾಮೆಥಾಸೋನ್ ಮತ್ತು ಡೈಕ್ಲೋಫೆನಾಕ್. ಲೇಬಲ್ ಮೇಲೆ ಎರಡರ ಹೆಸರೂ ಇರಲಿಲ್ಲ.

ಬರಬರುತ್ತಾ ನನ್ನ ಮುಖ ದುಂಡಗಾಯಿತು. "ಮೈ ತುಂಬ್ಕೊಂಡಿದೀಯ, ಚೆನ್ನಾಗಿ ಕಾಣ್ತೀಯ" ಅಂತ ಹೊಗಳಿದವರೂ ಇದ್ದಾರೆ! ಆಮೇಲೆ ಸ್ವಲ್ಪ ತಾಗಿದರೂ ಚರ್ಮ ನೀಲಿಗಟ್ಟತೊಡಗಿತು. ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಬಲವೇ ಇರುತ್ತಿರಲಿಲ್ಲ. ಎಂದೂ ಇಲ್ಲದ ಶುಗರ್ ಏರಿತು. ಗುಳಿಗೆ ಕೊಟ್ಟವನನ್ನು ಕೇಳಿದರೆ, "ದೇಹದ ವಿಷ ಹೊರಗೆ ಬರ್ತಾ ಇದೆ" ಅಂದ. ಗುಳಿಗೆಯಲ್ಲಿ ಏನಿದೆ ಅಂದರೆ, "ಅದು ನಮ್ಮ ಗುಟ್ಟು."

ಒಂದು ಸಲ ಡಬ್ಬಿ ಖಾಲಿಯಾಯಿತು, ಆತ ಫೋನ್ ಎತ್ತಲಿಲ್ಲ. ಸ್ವಲ್ಪ ದಿನದಲ್ಲೇ ವಾಂತಿ ಶುರುವಾಯಿತು. ಎದ್ದು ನಿಂತರೆ ಕಣ್ಣು ಕತ್ತಲೆ, ಬಿಪಿ ನೆಲ ಕಚ್ಚಿತ್ತು. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರ್ ಸ್ಟೀರಾಯ್ಡ್‌ನಿಂದ ದುಂಡಗಾಗಿದ್ದ ನನ್ನ ಮುಖ ನೋಡಿದವರೇ, "ನೋವಿಗೆ ಏನು ತಗೋತಾ ಇದ್ರಿ?" ಅಂದರು. ರಕ್ತದಲ್ಲಿ ಕಾರ್ಟಿಸಾಲ್ (ದೇಹವೇ ತಯಾರಿಸುವ ಸ್ಟೀರಾಯ್ಡ್ ಹಾರ್ಮೋನು, ಬಿಪಿ ಬೀಳದಂತೆ ಕಾಯುವಂಥದ್ದು) ತೀರಾ ಕಡಿಮೆ ಇತ್ತು.

ಕಿಡ್ನಿಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ತಯಾರಿಸುತ್ತವೆ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಲೇ ಇದ್ದರೆ ಅವು ಕೆಲಸ ನಿಲ್ಲಿಸುತ್ತವೆ. ಗುಳಿಗೆ ನಿಂತ ತಕ್ಷಣ ಮತ್ತೆ ಶುರು ಮಾಡುವುದಿಲ್ಲ, ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ಈ ನಡುವೆ ಜೀವಕ್ಕೇ ಅಪಾಯ. ಅದಕ್ಕೇ ನನಗೆ ಮತ್ತೆ ಸ್ಟೀರಾಯ್ಡನ್ನೇ ಕೊಟ್ಟು, ಲೆಕ್ಕ ಹಾಕಿ ನಿಧಾನವಾಗಿ ಇಳಿಸಿದರು. ಹಾಗಾಗಿ ಡಬ್ಬಿಯನ್ನು ಎಸೆಯಬೇಡಿ. ಅದನ್ನೇ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಎಷ್ಟು ದಿನದಿಂದ ನುಂಗುತ್ತಿದ್ದೀರಿ ಅಂತ ಮುಚ್ಚಿಡದೆ ಹೇಳಿ. ವಾಂತಿ, ವಿಪರೀತ ಸುಸ್ತು, ತಲೆಸುತ್ತು ಇದ್ದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ "ಸ್ಟೀರಾಯ್ಡ್ ಇದ್ದಿರಬಹುದು" ಅನ್ನಿ. ಮಲ ಡಾಂಬರಿನ ಬಣ್ಣಕ್ಕೆ ತಿರುಗಿದರೂ ಅಷ್ಟೇ. ಗುಳಿಗೆಯಲ್ಲಿ ಅಡಗಿದ ಡೈಕ್ಲೋಫೆನಾಕ್ ಮೇಲೆ ನೀವು ಅಂಥದ್ದೇ ನೋವಿನ ಮಾತ್ರೆ ಐಬುಪ್ರೊಫೆನ್ ಬೇರೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

ನೋವಿಗೆ ಮುಂದೇನು ಅಂತೀರಾ? ಮೂರು ತಿಂಗಳು ದಾಟಿದ ನೋವನ್ನೇ ಒಂದು ಕಾಯಿಲೆಯಾಗಿ ನೋಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ಕಾಯಿಲೆಗಳ ಪಟ್ಟಿ ಈಗ ಒಪ್ಪುತ್ತದೆ. ರಿಪೋರ್ಟ್ ನಾರ್ಮಲ್ ಅಂದರೆ ನೋವು ಸುಳ್ಳು ಅಂತಲ್ಲ. ನಾನೀಗ ನೋವಿನ ಕ್ಲಿನಿಕ್ಕಿಗೆ ಹೋಗುತ್ತೇನೆ. ಹಳೇ ನೋವಿಗೆ ಕೊಡುವ ಡುಲೋಕ್ಸೆಟಿನ್ ಎಂಬ ಔಷಧಿ ಕೊಟ್ಟಿದ್ದಾರೆ, ಜೊತೆಗೆ ಫಿಸಿಯೋಥೆರಪಿ. ಗುಣ ಕಾಣಲು ವಾರಗಳೇ ಬೇಕಾದವು. ನೋವು ಪೂರ್ತಿ ಹೋಗಿಲ್ಲ, ಹೋಗುತ್ತೆ ಅಂತ ಅವರು ಮಾತೂ ಕೊಟ್ಟಿಲ್ಲ. ಆದರೆ ಏನು ನುಂಗುತ್ತಿದ್ದೇನೆ ಅನ್ನುವುದು ಚೀಟಿಯಲ್ಲಿ ಬರೆದಿದೆ, ನಿದ್ದೆಯ ಬಗ್ಗೆ ಅವರೂ ಕೇಳುತ್ತಾರೆ.